ಕಾಶಿಯಲ್ಲಿ ಬಿಟ್ಟ ಸ್ಟ್ರಾಬೆರಿ

ನನ್ನ ಅತ್ತೆ ಕಾಶಿಗೆ ಹೋದಾಗ ಬಿಟ್ಟು ಬಂದ ಹಣ್ಣು ಸ್ಟ್ರಾಬೆರಿ. ಅದನ್ನೇ ಬಿಡಿ ಎಂದು ಫೋನಿನಲ್ಲಿ ಸಲಹೆ ಕೊಟ್ಟವಳು ನಾನು. ಈ ಎರಡು ವಿಷಯ ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ನನಗೆ ಸಲೀಸು.

ನಮ್ಮ ಕಡೆ ಕಾಶಿಗೆ ಹೋದವರು ಒಂದು ಹಣ್ಣು, ಒಂದು ತರಕಾರಿ ಬಿಟ್ಟು ಬರಬೇಕು. ಗಂಗೆಯಲ್ಲಿ ಮುಳುಗೆದ್ದು, ಇನ್ನು ಸಾಯುವ ತನಕ ಇದನ್ನು ಬಾಯಿಗೆ ಹಾಕುವುದಿಲ್ಲ ಎಂದು ಹೇಳಿ ಬರುವುದು. ತನಗೆ ತುಂಬ ಇಷ್ಟವಾದದ್ದನ್ನೇ ಬಿಡಬೇಕು ಅನ್ನುವುದು ಪದ್ಧತಿ. ಆದರೆ ಹೋಗಿ ಬಂದವರನ್ನು ಒಮ್ಮೆ ವಿಚಾರಿಸಿ ನೋಡಿ. ನಮ್ಮ ಪಕ್ಕದ ಮನೆಯವರು ಹಲಸಿನ ಹಣ್ಣು ಬಿಟ್ಟರು, ಹೇಗೂ ಅದು ಅವರ ಹೊಟ್ಟೆಗೆ ಆಗಿಬರುತ್ತಿರಲಿಲ್ಲ. ನಮ್ಮ ಶಾಲೆಯ ಹಿರಿಯ ಮೇಷ್ಟ್ರೊಬ್ಬರು ಬಿಟ್ಟ ತರಕಾರಿ ಹಾಗಲಕಾಯಿ. ಎಲ್ಲರೂ ದೇವರ ಲೆಕ್ಕಕ್ಕೆ ಒಂದು, ನಾಲಿಗೆಯ ಲೆಕ್ಕಕ್ಕೆ ಒಂದು ಇಟ್ಟುಕೊಂಡೇ ರೈಲು ಹತ್ತುತ್ತಾರೆ.

ಅತ್ತೆಗೆ ಇಷ್ಟವಾದ ಹಣ್ಣು ಯಾವುದು ಎಂಬುದು ಊರಿಗೆಲ್ಲ ಗೊತ್ತಿತ್ತು. ಚಾಮರಾಜನಗರದ ಅಂಚಿನಲ್ಲಿ ನಮ್ಮ ಮನೆ, ಕುದೇರಿನ ಕಡೆ ಸ್ವಲ್ಪ ಜಮೀನು. ಅದರಲ್ಲಿ ಒಂದು ಭಾಗ ಅರಿಸಿನ, ಇನ್ನೊಂದು ಭಾಗ ಬಾಳೆ. ಗೊನೆ ಮನೆಗೆ ಬಂದರೆ ಅತ್ತೆ ಒಂದೊಂದು ಚಿಪ್ಪನ್ನೂ ಮುಟ್ಟಿ, ಇದು ನಾಳೆಗೆ, ಇದು ನಾಡಿದ್ದಿಗೆ ಎಂದು ಬೇರೆ ಮಾಡಿ ಇಡುತ್ತಿದ್ದರು. ಒಂದು ಸಲವೂ ತಪ್ಪಿದ್ದು ನಾನು ನೋಡಿಲ್ಲ. ಸಂಜೆ ಮುದ್ದೆ ಉಂಡ ಮೇಲೆ ಒಂದು ಏಲಕ್ಕಿಬಾಳೆ ಬೇಕೇ ಬೇಕು. ಬಾಳೆಹಣ್ಣು ಇಲ್ಲದ ದಿನ ಅವರ ಊಟ ಮುಗಿಯುತ್ತಿರಲಿಲ್ಲ. ತಟ್ಟೆ ಮುಂದಿಟ್ಟುಕೊಂಡು ಏನನ್ನೋ ಮರೆತವರಂತೆ ಕೂತಿರುತ್ತಿದ್ದರು.

ಊರಿನ ಹೆಂಗಸರ ಜೊತೆ ಕಾಶಿಗೆ ಹೋದವರು ಅಲ್ಲಿಂದಲೇ ನನಗೆ ಫೋನ್ ಮಾಡಿದರು. ನಾನು ಗುಂಡ್ಲುಪೇಟೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳುತ್ತೇನೆ. ಆಗ ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದೆ.

"ಎಲ್ಲಾರೂ ಬಾಳೆಅಣ್ಣು ಬುಡು ಬಾಳೆಅಣ್ಣು ಬುಡು ಅಂತಾವ್ರೆ ಕಣಮ್ಮಿ. ನಂಗಾಗಲ್ಲ. ಏನ್ ಬುಡ್ಲಿ ಯೋಳು" ಅಂದರು. ಹಿಂದೆ ಗಂಟೆಯ ಸದ್ದು, ಜನರ ಗದ್ದಲ.

ನಾನು ನಕ್ಕೆ. ಬೆಳಿಗ್ಗೆ ಮಗಳ ಹಲ್ಲುಜ್ಜಿಸುವಾಗ ಕಂಡ ಪೇಸ್ಟಿನ ಟ್ಯೂಬಿನ ಚಿತ್ರ ನೆನಪಿಗೆ ಬಂತು. "ಅತ್ತೆ, ಸ್ಟ್ರಾಬೆರಿ ಬಿಟ್ಟುಬಿಡಿ" ಅಂದೆ.

"ಅಂಗಂದ್ರೆ?"

"ಪಾಪುವಿನ ಪೇಸ್ಟ್ ಮೇಲೆ ಕೆಂಪಗೆ ಇದೆಯಲ್ಲ, ಅದು."

"ಅದು ಅಣ್ಣು ತಾನೇ? ಅಣ್ಣಲ್ದೆ ಇದ್ರೆ ಆಗಕಿಲ್ಲ."

"ಹಣ್ಣೇ ಅತ್ತೆ. ನಾನು ಸೈನ್ಸ್ ಮೇಡಂ, ನಾನು ಹೇಳ್ತಿದ್ದೀನಲ್ಲ."

ಅಷ್ಟು ಭರವಸೆ ಸಾಕಾಯಿತು. ಅತ್ತೆ ಗಂಗೆಯಲ್ಲಿ ಮುಳುಗಿ ಸ್ಟ್ರಾಬೆರಿ ಬಿಟ್ಟರು. ಬರುವಾಗ ಬಾಯಿ ಮುಚ್ಚಿ ಬೆಸುಗೆ ಹಾಕಿದ ಪುಟ್ಟ ತಾಮ್ರದ ಗಿಂಡಿಯಲ್ಲಿ ಗಂಗೆ ತಂದರು. ಅದು ಕೊನೆಗಾಲಕ್ಕೆ ಬಾಯಿಗೆ ಬಿಡಲು ಇಟ್ಟುಕೊಳ್ಳುವ ನೀರು. ದೇವರ ಗೂಡಿನಲ್ಲಿ ಅದನ್ನಿಟ್ಟು, ಅದೇ ಸಂಜೆ ಎರಡು ಬಾಳೆಹಣ್ಣು ತಿಂದು, ನನ್ನ ಕಡೆ ನೋಡಿ ಕಳ್ಳನಗೆ ನಕ್ಕರು. ನಾನೂ ನಕ್ಕೆ. ಅತ್ತೆ ಸೊಸೆಯರ ನಡುವೆ ಅಂಥದ್ದೊಂದು ಗುಟ್ಟು ಇದ್ದದ್ದು ನನಗೆ ಹೆಮ್ಮೆಯೇ ಆಗಿತ್ತು.

ಎರಡು ವರ್ಷ ಆ ಹಣ್ಣಿನ ನೆನಪೂ ನಮಗೆ ಬರಲಿಲ್ಲ. ಆಮೇಲೆ ಒಂದು ದಿನ ನನ್ನ ಮಗಳು ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಿದ್ದವಳು ಕಣ್ಣು ಕತ್ತಲೆ ಬಂದು ಕುಸಿದು ಕೂತಳು. ಆಗ ಅವಳಿಗೆ ಒಂಬತ್ತು ವರ್ಷ. ಚಾಮರಾಜನಗರದಲ್ಲೇ ರಕ್ತ ಪರೀಕ್ಷೆ ಮಾಡಿಸಿದೆವು. ರಕ್ತ ಇರಬೇಕಾದುದಕ್ಕಿಂತ ತುಂಬ ಕಡಿಮೆ ಇತ್ತು. ಡಾಕ್ಟರಮ್ಮ ಮಗಳ ಕಣ್ಣಿನ ಕೆಳರೆಪ್ಪೆ ಎಳೆದು ನನಗೇ ತೋರಿಸಿದರು. ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಿತ್ತು. ವರ್ಷ ವರ್ಷವೂ ಮಕ್ಕಳಿಗೆ ರಕ್ತಹೀನತೆಯ ಪಾಠ ಮಾಡುವವಳಿಗೆ ಮನೆಯ ಮಗುವಿನ ಕಣ್ಣು ಕಂಡಿರಲಿಲ್ಲ. ಅವತ್ತು ಆದ ನಾಚಿಕೆಯನ್ನು ನಾನು ಮರೆತಿಲ್ಲ.

ಡಾಕ್ಟರಮ್ಮ ಕಬ್ಬಿಣಾಂಶದ ಸಿರಪ್ ಬರೆದುಕೊಟ್ಟರು. ಸಿರಪ್ಪನ್ನು ಹಾಲಿನ ಜೊತೆ, ಟೀ ಜೊತೆ ಕೊಡಬೇಡಿ ಅಂದರು. ರಾಗಿ, ಸೊಪ್ಪು, ಕಾಳಿನಲ್ಲಿ ಕಬ್ಬಿಣ ಇದ್ದರೂ ಮೈಗೆ ಹತ್ತಬೇಕಾದರೆ ಜೊತೆಯಲ್ಲಿ ಹುಳಿ ಹಣ್ಣು ಬೇಕು, ವಿಟಮಿನ್ ಸಿ ಇರುವಂಥದ್ದು, ಅಂದರು. ಎರಡು ತಿಂಗಳು ನೋಡೋಣ, ಏರದಿದ್ದರೆ ಅಡ್ಮಿಟ್ ಮಾಡಿ ಡ್ರಿಪ್ಪಿನಲ್ಲಿ ಕೊಡಬೇಕಾಗುತ್ತದೆ ಎಂದೂ ಹೇಳಿದರು. ಸೂಜಿ ಎಂದರೆ ಮಗಳು ಮಂಚದ ಕೆಳಗೆ ಹೋಗುವವಳು. ರಕ್ತ ಪರೀಕ್ಷೆಗೇ ಅವಳನ್ನು ಮೂರು ಜನ ಹಿಡಿದುಕೊಂಡಿದ್ದೆವು. ನಮ್ಮ ಕೈಯಲ್ಲಿದ್ದದ್ದು ಆ ಎರಡು ತಿಂಗಳು.

ಹುಳಿ ಹಣ್ಣಿಗೇನು ಬರ? ಹಿತ್ತಲಲ್ಲಿ ಸೀಬೆ ಇತ್ತು. ಅದರ ಬೀಜ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ ಎಂದಳು. ಕಿತ್ತಳೆ ತಂದೆ, ಅದರ ನಾರು ಗಂಟಲಲ್ಲಿ ನಿಲ್ಲುತ್ತದೆ ಎಂದಳು. ನೆಲ್ಲಿಕಾಯಿಗೆ ಮುಖವನ್ನೇ ತಿರುಗಿಸಿದಳು. ನಿಂಬೆ ಶರಬತ್ತು ಮಾಡಿ ಕೊಟ್ಟರೆ ಗಿಡಕ್ಕೆ ಹೊಯ್ದಳು, ಆ ಗಿಡವೇ ಒಣಗುವಷ್ಟು ದಿನ ಹೊಯ್ದಳು. ಬೈದೆ, ಒಂದು ದಿನ ಕೈಯನ್ನೂ ಎತ್ತಿದೆ. ಬೈದು ತಿನ್ನಿಸಿದ್ದು ವಾಂತಿಯಾಗಿ ಹೋಗುತ್ತಿತ್ತು, ಅದರ ಜೊತೆ ಸಿರಪ್ಪೂ ಹೋಗುತ್ತಿತ್ತು.

ನನ್ನದು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ದಿನಾ ಬಸ್ಸಿನ ಓಡಾಟ. ತೆರಕಣಾಂಬಿ ದಾಟುವ ಹೊತ್ತಿಗೆ ಬಸ್ಸಿನಲ್ಲಿ ಅರ್ಧ ಜನ ತೂಕಡಿಸುತ್ತಿರುತ್ತಾರೆ. ಆ ದಿನಗಳಲ್ಲಿ ನಾನು ಫೋನ್ ಹಿಡಿದು ಯಾವ ಹಣ್ಣಿನಲ್ಲಿ ಏನಿದೆ ಎಂದು ನೋಡುತ್ತಿದ್ದೆ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಬಳಿ ಚಳಿಗಾಲದಲ್ಲಿ ಊಟಿ ಕಡೆಯ ಸ್ಟ್ರಾಬೆರಿ ಬರುತ್ತದೆ. ತೆಳು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೇಲೆ ದಪ್ಪ ದಪ್ಪ ಹಣ್ಣು, ಕೆಳಗೆ ಗೋಲಿಯಷ್ಟು ಚಿಕ್ಕವು. ಕೇರಳದ ಕಡೆಗೆ ಹೋಗುವ ಕಾರಿನವರು ಇಳಿದು ಕೊಳ್ಳುತ್ತಾರೆ, ನಮ್ಮಂಥವರು ನೋಡಿಕೊಂಡು ಮುಂದೆ ಹೋಗುತ್ತೇವೆ. ಅವತ್ತು ನಾನೂ ಒಂದು ಡಬ್ಬಿ ಕೊಂಡೆ. ಪೇಸ್ಟಿನ ಮೇಲಿನ ಹಣ್ಣು ಅನ್ನುವ ಕಾರಣಕ್ಕಾದರೂ ತಿಂದಾಳು ಎಂಬ ಆಸೆ.

ಫೋನಿನಲ್ಲಿ ಸ್ಟ್ರಾಬೆರಿಯ ಗುಣಗಾನ ಕೇಳಿದರೆ ಇದೊಂದಿದ್ದರೆ ಆಸ್ಪತ್ರೆಗಳನ್ನೆಲ್ಲ ಮುಚ್ಚಬಹುದು ಅನ್ನಿಸುತ್ತದೆ. ಹೃದಯ, ಚರ್ಮ, ಕೂದಲು, ಬುದ್ಧಿ, ಯಾವುದನ್ನೂ ಬಿಟ್ಟಿಲ್ಲ. ನನಗೆ ಅಂಥದ್ದನ್ನು ಕಂಡರೆ ರೇಗುತ್ತದೆ. ಇರುವ ಗುಣ ಇಷ್ಟು: ವಿಟಮಿನ್ ಸಿ ಚೆನ್ನಾಗಿದೆ, ನಾರಿದೆ, ಸಿಹಿ ಮಿಕ್ಕ ಎಷ್ಟೋ ಹಣ್ಣುಗಳಿಗಿಂತ ಕಡಿಮೆ. ಸೊಪ್ಪು ರಾಗಿಯ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತದೆ. ರಕ್ತವನ್ನು ಅದೇ ತಯಾರು ಮಾಡುವುದಿಲ್ಲ, ಕೆಂಪಗಿದೆ ಎಂದು ರಕ್ತವಾಗುವುದೂ ಇಲ್ಲ. ನಮ್ಮ ಹಿತ್ತಲ ಸೀಬೆಯಲ್ಲಿ ವಿಟಮಿನ್ ಸಿ ಇದಕ್ಕಿಂತ ಹೆಚ್ಚು, ನೆಲ್ಲಿಯಲ್ಲಿ ಇನ್ನೂ ಹೆಚ್ಚು. ಆದರೆ ಮಗು ಬಾಯಿಗೆ ಹಾಕಿಕೊಳ್ಳದ ಹಣ್ಣಿನಲ್ಲಿ ಎಷ್ಟಿದ್ದರೆ ಏನು ಬಂತು?

ಡಬ್ಬಿ ಕಂಡು ಮಗಳ ಮುಖ ಅರಳಿತು. ತೊಳೆದು ಬಟ್ಟಲಲ್ಲಿ ಹಾಕಿ ಕೊಟ್ಟೆ. ಒಂದರ ತುದಿಯನ್ನು ನಾಲಿಗೆಗೆ ತಾಗಿಸಿದಳು, ಹುಳಿಗೆ ಕಣ್ಣು ಕಿರಿದು ಮಾಡಿದಳು, ಬಟ್ಟಲು ದೂಡಲಿಲ್ಲ. ನನಗೆ ಜೀವ ಬಂದಂತಾಯಿತು. ಬಟ್ಟಲು ಎತ್ತಿಕೊಂಡು ನೇರ ಅಜ್ಜಿಯ ಹತ್ತಿರ ಹೋಗಿ ಕೂತಳು.

"ನಂಗೊಂದು ನಿಂಗೊಂದು" ಅಂದಳು.

ಇದು ಅವರಿಬ್ಬರ ಹಳೆಯ ಕ್ರಮ. ಅವಳಿಗೆ ಎದೆಹಾಲು ಬಿಡಿಸಿದಾಗ ಅನ್ನ ಮುಟ್ಟುತ್ತಿರಲಿಲ್ಲ. ನಾನು ಕೆಲಸಕ್ಕೆ ಹೋದ ಮೇಲೆ ಅತ್ತೆಯೇ ಉಪಾಯ ಕಂಡುಕೊಂಡರು. ಮೊದಲು ಒಂದು ತುತ್ತು ತಾವು ತಿನ್ನುವುದು, ಆಮೇಲೆ ಒಂದು ತುತ್ತು ಅವಳಿಗೆ. ಒಂಬತ್ತು ವರ್ಷವಾದರೂ ಹೊಸ ತಿಂಡಿ ಯಾವುದೇ ಬಂದರೂ ಅಜ್ಜಿ ಮೊದಲು ತಿನ್ನಬೇಕು. ನಾನು ತಿಂದು ತೋರಿಸಿದರೆ ಸಾಲದು, ಅವಳಪ್ಪ ತಿಂದರೂ ಆಗದು. ನಮ್ಮನ್ನು ಅವಳು ಆ ವಿಷಯದಲ್ಲಿ ನಂಬುತ್ತಿರಲಿಲ್ಲ.

ಅತ್ತೆ ಬಟ್ಟಲು ನೋಡಿದರು, ನನ್ನನ್ನು ನೋಡಿದರು. "ಇದು ಆ ಪೇಸ್ಟಿನ ಮೇಲಿರದಲ್ವ?" ಅಂದರು.

ಆಗ ನನಗೆ ಕಾಶಿಯ ಫೋನು ನೆನಪಾಯಿತು.

ಅವತ್ತು ಅತ್ತೆ ಹಲ್ಲು ನೋಯುತ್ತಿದೆ ಎಂದರು, ಮಗಳೂ ತಿನ್ನಲಿಲ್ಲ. ಮಾರನೆಯ ದಿನ ತಿನ್ನುವಂತೆ ನಟಿಸಿದರು. ಹಣ್ಣನ್ನು ಬಾಯಿಯವರೆಗೆ ತಂದು, ಸೆರಗಿನ ಮರೆಯಲ್ಲಿ ಮಡಿಲಿಗೆ ಜಾರಿಸಿ, ಖಾಲಿ ಬಾಯನ್ನು ಆಡಿಸಿದರು. ಹೀಗೆ ಮೂರು ದಿನ ನಡೆಯಿತು. ಮಗಳು ಮೂರು ದಿನ ಬಟ್ಟಲು ಖಾಲಿ ಮಾಡಿದಳು, ಸಿರಪ್ಪನ್ನೂ ಗಲಾಟೆ ಮಾಡದೆ ಕುಡಿದಳು. ನಾನು ಬಸ್ಸಿನಲ್ಲಿ ಖುಷಿಯಾಗಿ ತೂಕಡಿಸಿದೆ. ನಾಲ್ಕನೆಯ ದಿನ ಅತ್ತೆ ಎದ್ದು ನಿಂತಾಗ ಮಡಿಲಿನಿಂದ ಮೂರು ಸ್ಟ್ರಾಬೆರಿ ಪಟಪಟನೆ ನೆಲಕ್ಕೆ ಬಿದ್ದವು. ಬಿಳಿ ಸೀರೆಯ ಮೇಲೆ ಕೆಂಪು ಕಲೆ.

ಮಗಳು ಅಳಲಿಲ್ಲ. "ನೀ ತಿಂದೇ ಇಲ್ಲ" ಅಂದಳು, ಅಷ್ಟೇ. ಆ ಸಂಜೆ ಅಜ್ಜಿಯ ಕೈಯಿಂದ ಮುದ್ದೆಯನ್ನೂ ತಿನ್ನಲಿಲ್ಲ. ಮಾರನೆಯ ದಿನವೂ ಇಲ್ಲ. ಅಜ್ಜಿ ಮೊದಲ ತುತ್ತು ನುಂಗಿದರೆ "ಬಾಯಿ ತೆಗಿ" ಎಂದು ನಾಲಿಗೆಯ ಕೆಳಗೆ ನೋಡುವಳು. ನೋಡಿದ ಮೇಲೂ ತಲೆ ಅಲ್ಲಾಡಿಸುವಳು. ಸಿರಪ್ ಬಾಟಲಿ ಮುಚ್ಚಿದ ಹಾಗೇ ಉಳಿಯಿತು. ಅವಳ ತುಟಿ ಮತ್ತೆ ಬೆಳ್ಳಗಾಗುತ್ತಿದೆ ಎಂದು ನನಗೆ ಕಾಣತೊಡಗಿತು, ಅದು ನನ್ನ ಹೆದರಿಕೆಯೂ ಇರಬಹುದು. ಎರಡು ತಿಂಗಳಲ್ಲಿ ಮೂರು ವಾರ ಆಗಲೇ ಕಳೆದಿತ್ತು.

ನನಗೆ ಅತ್ತೆಯ ಮೇಲೆ ಸಿಟ್ಟು ಬಂತು. ಸುಮ್ಮನೆ ಒಂದು ಹಣ್ಣು ತಿಂದುಬಿಡಬಾರದೆ? ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಬಂದವಳು ಚೀಲವನ್ನೂ ಇಳಿಸದೆ ಶುರು ಮಾಡಿದೆ. ಅವರು ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು.

"ಅತ್ತೆ, ಮಗುವಿಗೋಸ್ಕರ ತಿಂದರೆ ಗಂಗಮ್ಮ ಕೋಪ ಮಾಡ್ಕೋತಾಳಾ?"

"ಮಾತು ಕೊಟ್ಬುಟ್ಟಿವ್ನಲ್ಲಮ್ಮಿ."

"ನೀವು ಬಿಟ್ಟಾಗ ಅದರ ಮುಖವನ್ನೇ ನೋಡಿರಲಿಲ್ಲ."

"ಅದ್ಕೇ ಇನ್ನೂ ಭಯ ಆಯ್ತದೆ" ಅಂದರು.

ಆ ಮಾತಿನ ಅರ್ಥ ನನಗೆ ಆಗ ಹತ್ತಲಿಲ್ಲ. ನಾನು ನನ್ನ ಕೊನೆಯ ಅಸ್ತ್ರ ತೆಗೆದೆ. ಗೆಲ್ಲಲೇಬೇಕು ಎಂದು ಹಟಕ್ಕೆ ಬಿದ್ದಾಗ ನಾನು ಪಾಠ ಮಾಡಲು ಶುರು ಮಾಡುತ್ತೇನೆ, ಮನೆಯಲ್ಲೂ ಅಷ್ಟೆ. ಒಂದು ಸ್ಟ್ರಾಬೆರಿ ತಂದು, ಉದ್ದಕ್ಕೆ ಸೀಳಿ, ಅವರ ಕಣ್ಣ ಮುಂದೆ ಹಿಡಿದೆ. "ನೋಡಿ ಅತ್ತೆ. ವಿಜ್ಞಾನದ ಪ್ರಕಾರ ಇದು ಹಣ್ಣೇ ಅಲ್ಲ. ಹೂವು ಕೂತಿರುತ್ತದಲ್ಲ ಅದರ ಬುಡ, ಅದು ಊದಿಕೊಂಡು ಹೀಗೆ ಕೆಂಪಗಾಗಿದೆ. ನಿಜವಾದ ಹಣ್ಣು ಅಂದರೆ ಮೇಲೆ ಅಂಟಿಕೊಂಡಿದೆಯಲ್ಲ, ಈ ಪುಟ್ಟ ಪುಟ್ಟ ಕಾಳು. ನೀವು ಬಿಟ್ಟಿರೋದು ಹಣ್ಣನ್ನ ತಾನೆ? ಬೇಕಾದ್ರೆ ಕಾಳೆಲ್ಲ ಕೆರೆದು ಕೊಡ್ತೀನಿ. ಉಳಿದದ್ದು ತಿನ್ನಿ. ಯಾವ ವ್ರತವೂ ಕೆಡಲ್ಲ."

ಪುಸ್ತಕದಲ್ಲಿ ಇರುವುದೇ ಹಾಗೆ, ನಾನು ಸುಳ್ಳು ಹೇಳಿರಲಿಲ್ಲ. ಅತ್ತೆ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದರು. ಆ ಸೀಳನ್ನು ಅಂಗೈ ಮೇಲೆ ಇಟ್ಟುಕೊಂಡು, ಒಂದು ಕಾಳನ್ನು ಉಗುರಿನಿಂದ ಕಿತ್ತು ಬೆರಳ ತುದಿಯಲ್ಲಿ ಹಿಡಿದು ನೋಡಿದರು.

"ಅವತ್ತು ಅಣ್ಣೇ ಅಂದ್ಯಲ್ಲಮ್ಮಿ ಫೋನಲ್ಲಿ?"

ನಾನು ಹೆಗಲ ಚೀಲ ಸರಿಮಾಡಿಕೊಂಡೆ.

"ಅಂಗಾದ್ರೆ ನಾ ಕಾಶಿಲಿ ಬುಟ್ಟಿದ್ದು ಇಷ್ಟೇಯಾ? ಈ ಸಾಸ್ವೆ ಕಾಳು?"

"ಹಾಗಲ್ಲ ಅತ್ತೆ..."

"ಅಷ್ಟು ದೂರ ಓಗಿ, ಗಂಗಮ್ಮನ ನೀರಲ್ಲಿ ನಿಂತ್ಕಂಡು, ನಾ ಏನೂ ಬುಟ್ಟೇ ಇಲ್ವಲ್ಲೇ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮತ್ತೆ ಅವರೆಕಾಯಿ ಬಿಡಿಸತೊಡಗಿದರು. ನಾನು ಚೀಲ ಇಳಿಸಿ ಒಳಗೆ ಹೋದೆ. ವಾದದಲ್ಲಿ ಗೆದ್ದೆನೋ ಸೋತೆನೋ ತಿಳಿಯಲಿಲ್ಲ. ಭಾನುವಾರ ಸಂಜೆ ಊಟವಾದ ಮೇಲೆ ಅವರು ಒಂದಲ್ಲ, ಮೂರು ಬಾಳೆಹಣ್ಣು ತಿಂದರು. ನಿಧಾನವಾಗಿ ತಿಂದರು. ನಾನು ತಟ್ಟೆ ಎತ್ತುವ ಅವಸರದಲ್ಲಿ, ಇವತ್ತೇನು ಮೂರು ಎಂದು ಕೇಳಬೇಕೆಂದುಕೊಂಡವಳು ಮರೆತೆ.

ಸೋಮವಾರ ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವ ಹೊತ್ತಿಗೆ ದೇವರ ಗೂಡಿನ ಮುಂದೆ ಟಕಟಕ ಶಬ್ದ. ಅತ್ತೆ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಕಾಶಿಯ ತಾಮ್ರದ ಗಿಂಡಿಯ ಬಾಯಿಯನ್ನು ಈಳಿಗೆಮಣೆಯ ತುದಿಯಿಂದ ಒಡೆಯುತ್ತಿದ್ದರು.

"ಅತ್ತೆ! ಅದನ್ನ ಯಾಕೆ ತೆಗೀತಿದ್ದೀರಿ?"

ಅತ್ತೆ ಬೆಸುಗೆ ಬಿಡಿಸಿದರು. ಒಂದು ಉದ್ಧರಣೆ ನೀರನ್ನು ತಲೆ ಮೇಲೆ ಹಾಕಿಕೊಂಡರು, ಇನ್ನೊಂದನ್ನು ಅಂಗೈಗೆ ಬಿಟ್ಟುಕೊಂಡು ಕಣ್ಣು ಮುಚ್ಚಿದರು. ಮಂತ್ರ ಗಿಂತ್ರ ಏನಿಲ್ಲ, ಪಕ್ಕದ ಮನೆಯವರ ಜೊತೆ ಮಾತಾಡುವ ಹಾಗೇ ಮಾತಾಡಿದರು.

"ತಾಯಿ, ನಾ ಅವತ್ತು ನಿಂಗೆ ಕೊಟ್ಟಿದ್ದು ನಂದಲ್ಲ. ಕಂಡಿದ್ದೂ ಇಲ್ಲ, ತಿಂದಿದ್ದೂ ಇಲ್ಲ. ಅದು ಅಣ್ಣೂ ಅಲ್ವಂತೆ. ಅದ ವಾಪಸ್ ತಕತೀನಿ, ಕೂಸಿಗೆ ಬೇಕು. ನಂದು ಬಾಳೆಅಣ್ಣು. ಇವತ್ತಿಂದ ಅದ ಬುಟ್ಟೆ."

ನೀರನ್ನು ಹರಿಯಬಿಟ್ಟರು. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಕೂಗಾಡಿದೆ ಎಂದು ಬರೆಯಲು ನಾಚಿಕೆ ಇಲ್ಲ, ಕೂಗಾಡಿದೆ. ನಾನು ಹೇಳಿದ್ದು ಇದನ್ನಲ್ಲ, ಬಾಳೆಹಣ್ಣು ಯಾಕೆ ಬಿಡಬೇಕಿತ್ತು, ನಿಮಗೆ ಬೇರೆ ಏನು ಸಿಹಿ ಇದೆ ಜೀವನದಲ್ಲಿ, ಎಂದೆಲ್ಲ ಅಂದೆ. ಅಳುವೂ ಬಂತು. ಅತ್ತೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ, "ಬಸ್ ಒಂಟೋಯ್ತದೆ, ಓಗು" ಅಂದರು. ಆಮೇಲೆ ಅಡುಗೆಮನೆಗೆ ಹೋಗಿ ಬಟ್ಟಲು ತಂದು ಮಗಳನ್ನು ಕರೆದರು. ಅವಳು ದೂರದಲ್ಲೇ ನಿಂತಳು.

ಅತ್ತೆ ಒಂದು ಸ್ಟ್ರಾಬೆರಿ ಎತ್ತಿ ಬಾಯಿಗೆ ಹಾಕಿ ಕಚ್ಚಿದರು. ಅರವತ್ತೈದು ದಾಟಿದ ಹೆಂಗಸಿನ ಮುಖ ಹುಣಿಸೇಕಾಯಿ ಕಚ್ಚಿದ ಮಗುವಿನದಾಯಿತು. ಒಂದು ಕಣ್ಣು ಮುಚ್ಚಿಹೋಯಿತು. "ಅಯ್ಯಯ್ಯಪ್ಪ, ಏನ್ ಉಳಿಯೇ ಇದು! ಇದ ದುಡ್ಡು ಕೊಟ್ಟು ತಿಂತರಾ?" ಎಂದು ನುಂಗಿದರು. ಮಗಳು ಹತ್ತಿರ ಬಂದು "ಬಾಯಿ ತೆಗಿ" ಅಂದಳು. ತೆಗೆದರು. ನಾಲಿಗೆ ಕೆಂಪಗಿತ್ತು. ಮಗಳು ನಾಲಿಗೆಯ ಕೆಳಗೂ ನೋಡಿ, ಅಜ್ಜಿಯ ಮಡಿಲನ್ನೂ ಕೊಡವಿ ನೋಡಿ, ಆಮೇಲೆ ಪಕ್ಕದಲ್ಲಿ ಕೂತು ಬಾಯಿ ತೆರೆದಳು. ನಾನು ಅವತ್ತು ಬಸ್ ತಪ್ಪಿಸಿಕೊಂಡು ಅರ್ಧ ದಿನ ರಜೆ ಹಾಕಿದೆ.

ಅಲ್ಲಿಂದ ಹೆಚ್ಚು ಹೇಳುವುದಿಲ್ಲ. ದಿನ ಬಿಟ್ಟು ದಿನ ನಾನು ಡಬ್ಬಿ ತರುತ್ತಿದ್ದೆ. ಬಸ್ಸಿನ ಕುಲುಕಾಟಕ್ಕೆ ನಜ್ಜುಗುಜ್ಜಾಗದಂತೆ ತೊಡೆಯ ಮೇಲೇ ಇಟ್ಟುಕೊಂಡು ಬರುತ್ತಿದ್ದೆ. ಮುದ್ದೆ, ಸೊಪ್ಪಿನ ಸಾರು, ಆಮೇಲೆ ನಾಲ್ಕು ಅಜ್ಜಿಗೆ ನಾಲ್ಕು ಮೊಮ್ಮಗಳಿಗೆ. ಅತ್ತೆಗೆ ಆ ಹಣ್ಣು ಕೊನೆಯವರೆಗೂ ಹಿಡಿಸಲಿಲ್ಲ. ಪ್ರತಿ ಸಲವೂ ಒಂದು ಕಣ್ಣು ಮುಚ್ಚುತ್ತಿದ್ದರು, ಅದನ್ನು ನೋಡಲೆಂದೇ ಮಗಳು ಎರಡು ಹೆಚ್ಚು ತಿನ್ನುತ್ತಿದ್ದಳು. ಎರಡು ತಿಂಗಳಿಗೆ ಡಾಕ್ಟರಮ್ಮ ಹೊಸ ರಿಪೋರ್ಟ್ ನೋಡಿ, ಡ್ರಿಪ್ ಬೇಡ, ಸಿರಪ್ ಮುಂದುವರಿಸಿ ಅಂದರು. ರಕ್ತ ಏರಿಸಿದ್ದು ಬಹುಪಾಲು ಆ ಸಿರಪ್ಪೇ, ಸ್ಟ್ರಾಬೆರಿ ತನ್ನ ಪಾಲಿನ ಕೆಲಸ ಮಾಡಿತು. ಮನೆಗೆ ಬಂದು ಹೇಳಿದಾಗ ಅತ್ತೆ, "ಗಂಗಮ್ಮ ಒಳ್ಳೇವ್ಳು ಕಣಮ್ಮಿ" ಅಂದರು. ನಾನು ವಾದ ಮಾಡಲಿಲ್ಲ.

ಬೇಸಿಗೆ ಶುರುವಾಗಿ ಸ್ಟ್ರಾಬೆರಿ ಬರುವುದು ನಿಂತಿತು. ಮಗಳು ಅಷ್ಟರಲ್ಲಿ ಉಪ್ಪು ಖಾರ ಹಚ್ಚಿದ ಸೀಬೆಗೆ ಇಳಿದಿದ್ದಳು. ಕೆಲಸ ಮುಗಿದ ಹಣ್ಣು ತನ್ನ ದಾರಿ ಹಿಡಿಯಿತು, ಬಾಳೆಹಣ್ಣು ಮಾತ್ರ ಅತ್ತೆಗೆ ವಾಪಸ್ ಬರಲಿಲ್ಲ. ನನ್ನ ಗಂಡ ಒಮ್ಮೆ, ಕೂಸಿಗೆ ಹುಷಾರಾಯ್ತಲ್ಲವ್ವ, ಇನ್ನು ತಿನ್ನು ಎಂದರು. ಅತ್ತೆ ಅವರನ್ನು ನೋಡಿದ ನೋಟಕ್ಕೆ ಅವರು ಮತ್ತೆ ಆ ಸುದ್ದಿ ಎತ್ತಲಿಲ್ಲ.

ಮೊನ್ನೆ ಜಮೀನಿನಿಂದ ಗೊನೆ ಬಂತು. ಅತ್ತೆ ಎಂದಿನಂತೆ ಚಿಪ್ಪು ಚಿಪ್ಪನ್ನೂ ಮುಟ್ಟಿ, ಇದು ನಾಳೆಗೆ, ಇದು ನಾಡಿದ್ದಿಗೆ ಎಂದು ಬೇರೆ ಮಾಡಿದರು. ಹಣ್ಣಾಗಿದ್ದ ಒಂದನ್ನು ಸುಲಿದು ಮಗಳ ಕೈಗೆ ಕೊಟ್ಟರು. ಅವಳು ಅಭ್ಯಾಸಬಲದಿಂದ ಅದನ್ನು ಎರಡು ಮಾಡಿ ಒಂದು ತುಂಡನ್ನು ಅಜ್ಜಿಯ ಬಾಯಿಯ ಹತ್ತಿರ ತಂದಳು. ತಂದವಳು ಅಲ್ಲೇ ನಿಂತಳು. ಅವಳಿಗೂ ಎಲ್ಲ ಗೊತ್ತು, ನಾನೇ ಹೇಳಿದ್ದೆ. ಕೈ ಹಿಂದಕ್ಕೆ ತೆಗೆದುಕೊಂಡು, ಅಜ್ಜಿಯ ಮುಖವನ್ನೇ ನೋಡುತ್ತಾ, ಮೊದಲು ಒಂದು ತುಂಡು, ಆಮೇಲೆ ಇನ್ನೊಂದು ತುಂಡು ತಾನೇ ತಿಂದಳು. ಯಾರೂ ಮೊದಲು ತಿನ್ನದೆ ಅವಳು ಅಜ್ಜಿಯ ಕೈಯಿಂದ ತಿಂದದ್ದು ನಾನು ಕಂಡಂತೆ ಅದೇ ಮೊದಲು.

ಅವಳು ಆಟಕ್ಕೆ ಓಡಿದ ಮೇಲೆ ಅತ್ತೆ ಸಿಪ್ಪೆಯನ್ನು ದನದ ಬಾನಿಗೆ ಹಾಕಲು ಎದ್ದರು. ಹಿತ್ತಲ ಬಾಗಿಲಲ್ಲಿ ನಿಂತು, ಸಿಪ್ಪೆಯನ್ನು ಮೂಗಿನ ಹತ್ತಿರ ಹಿಡಿದು, ಎದೆ ತುಂಬ ಉಸಿರೆಳೆದುಕೊಂಡರು. ತಿರುಗಿದಾಗ ನಾನು ನೋಡುತ್ತಾ ನಿಂತಿದ್ದೆ. ನನ್ನ ಕಣ್ಣು ತುಂಬಿತ್ತು. ಅವರು ಕಾಶಿಯಿಂದ ಬಂದ ಸಂಜೆ ನಕ್ಕಿದ್ದರಲ್ಲ, ಅದೇ ಕಳ್ಳನಗೆ ನಕ್ಕರು.

"ಅಣ್ಣು ಬುಟ್ಟಿವ್ನಿ, ವಾಸ್ನೆ ಬುಟ್ಟಿಲ್ಲ ಕಣಮ್ಮಿ" ಅಂದರು.